ಅನ್ನಪೂರ್ಣ ಸರ್ಕ್ಯೂಟ್‌ಗೆ ಸೈಕಲ್ ಒಯ್ಯುವವರಿಗೆ

ನೇಪಾಳದ ಅನ್ನಪೂರ್ಣ ಪರ್ವತಸಾಲನ್ನು ಸುತ್ತಿಬರುವ ಚಾರಣದ ದಾರಿಯಾದ ಅನ್ನಪೂರ್ಣ ಸರ್ಕ್ಯೂಟನ್ನು ಮೌಂಟನ್ ಬೈಕಿನಲ್ಲಿ ಸುತ್ತಬೇಕು ಎಂದುಕೊಂಡವರು ಸಾಮಾನ್ಯವಾಗಿ ಮೊದಲು ಕೇಳುವುದು, ದಿನಕ್ಕೆ ಎಷ್ಟು ಕಿಲೋಮೀಟರ್ ತುಳಿಯಬೇಕು ಎಂದು. ಈ ದಾರಿಯಲ್ಲಿ ಕಿಲೋಮೀಟರ್ ಲೆಕ್ಕಕ್ಕೆ ಬೆಲೆಯಿಲ್ಲ. ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಎಂಬುದನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ನಿಮ್ಮ ಪ್ರವಾಸದ ಯೋಜನೆ ಅದೇ. ಹೊರಡುವ ಬೇಸಿಸಹರ್ 760 ಮೀಟರ್ ಎತ್ತರದಲ್ಲಿದೆ. ದಾಟಬೇಕಾದ ಥೊರಾಂಗ್ ಲಾ ಪಾಸ್, ಅಂದರೆ ಬೆಟ್ಟಸಾಲನ್ನು ದಾಟುವ ಕಣಿವೆದಾರಿ, 5,416 ಮೀಟರ್. ಇವೆರಡರ ನಡುವಿನ ವ್ಯತ್ಯಾಸವನ್ನು ಕಾಲು ಬೇಗ ಮುಗಿಸಿಬಿಡಬಲ್ಲದು, ರಕ್ತ ಮತ್ತು ಶ್ವಾಸಕೋಶ ಮುಗಿಸಲಾರವು.

ಕಾಲಲ್ಲಿ ಕಸುವಿರುವ ಸೈಕಲ್ ಸವಾರರಿಗೇ ಈ ದಾರಿ ಹೆಚ್ಚು ಅಪಾಯಕಾರಿ ಎಂದು ನಾನು ಹೇಳುವುದು ಇದಕ್ಕೇ. ನಡೆದು ಹೋಗುವವರು ಪಾಸಿಗೆ ಮುಂಚಿನ ದೊಡ್ಡ ಊರಾದ ಮನಾಂಗ್ ಮುಟ್ಟಲು ಹೆಚ್ಚುಕಡಿಮೆ ಒಂದು ವಾರ ತೆಗೆದುಕೊಳ್ಳುತ್ತಾರೆ. ಆ ನಿಧಾನವೇ ಅವರಿಗೆ ರಕ್ಷಣೆ. ಈಗ ಮನಾಂಗ್‌ವರೆಗೆ ಜೀಪ್ ರಸ್ತೆ ಆಗಿರುವುದರಿಂದ ಗಟ್ಟಿಮುಟ್ಟಾದ ಸವಾರನೊಬ್ಬ ಎರಡು ಮೂರು ದಿನಗಳಲ್ಲೇ 3,540 ಮೀಟರ್ ತಲುಪಿಬಿಡಬಹುದು. ತಲುಪಿದ ಮೇಲೆ ತಲೆ ಸಿಡಿಯುತ್ತದೆ, ಊಟ ಸೇರುವುದಿಲ್ಲ, ರಾತ್ರಿ ನಿದ್ದೆ ಬರುವುದಿಲ್ಲ. ಅಲ್ಲಿಂದ ಮುಂದೆ ಹೋದರೆ ಪ್ರಾಣಕ್ಕೇ ಕುತ್ತು. ಇದೇ ದಾರಿಯಲ್ಲಿ ಥೊರಾಂಗ್ ಲಾ ದಾಟುವ ಯಾಕ್ ಅಟ್ಯಾಕ್ ಎಂಬ ಸೈಕಲ್ ರೇಸ್ 2007ರಲ್ಲಿ ಶುರುವಾಯಿತು. ಅದರ ವಿಡಿಯೋ ನೋಡಿ ಹುರುಪುಗೊಂಡು ಹೊರಡುವ ಗೆಳೆಯರಿಗೆ ನನ್ನದೊಂದು ಕಳಕಳಿಯ ಮಾತು: ರೇಸಿನವರ ವೇಗ ನೋಡಬೇಡಿ, ಅವರ ಬೆನ್ನಿಗಿರುವ ವೈದ್ಯರು ಮತ್ತು ಸಹಾಯಕರ ಏರ್ಪಾಡು ನೋಡಿ.

ದಾರಿಯ ಸ್ವರೂಪ ಚುಟುಕಾಗಿ ಇಷ್ಟು. ಪೋಖರಾದಿಂದ ಬಸ್ಸಿನಲ್ಲಿ ಡುಮ್ರೆ ಮೂಲಕ ಬೇಸಿಸಹರ್. ಅಲ್ಲಿಂದ ಮಾರ್ಸ್ಯಾಂಗ್ದಿ ನದಿಯ ಜೊತೆಜೊತೆಗೇ ಮೇಲೇರುತ್ತ ಚಾಮೆ, ಪಿಸಾಂಗ್, ಮನಾಂಗ್. ರಸ್ತೆ ಮುಗಿದ ಮೇಲೆ ಕಾಲುದಾರಿಯಲ್ಲಿ ಯಾಕ್ ಖರ್ಕಾ, ಥೊರಾಂಗ್ ಫೇದಿ, ಪಾಸ್. ಆಚೆ ಬದಿಗೆ ಇಳಿದರೆ ಮುಕ್ತಿನಾಥ್. ಆಮೇಲೆ ಕಾಲಿ ಗಂಡಕಿಯ ಕಣಿವೆಯಲ್ಲಿ ಜೋಮ್ಸೋಮ್, ಮಾರ್ಫಾ, ತಾತೋಪಾನಿ, ಬೇನಿ, ಮತ್ತೆ ಪೋಖರಾ. ಅನ್ನಪೂರ್ಣ ಪರ್ವತಸಾಲಿಗೆ ಪೂರ್ತಿ ಒಂದು ಸುತ್ತು.

ಇದನ್ನು ತಿರುಗಾಮುರುಗಾ, ಅಂದರೆ ಮುಕ್ತಿನಾಥದಿಂದ ಹತ್ತಿ ಮನಾಂಗ್ ಕಡೆ ಇಳಿಯುವ ಆಲೋಚನೆ ಬೇಡ. ಮನಾಂಗ್ ಕಡೆಯಿಂದ ಹೋದರೆ ಪ್ರತಿ ಮುನ್ನೂರು ನಾನೂರು ಮೀಟರ್ ಎತ್ತರಕ್ಕೊಂದು ಊರು, ಮಲಗಲು ಜಾಗ ಸಿಗುತ್ತದೆ. ಮುಕ್ತಿನಾಥದ ಕಡೆಯಿಂದ ಹತ್ತುವವರು ಒಂದೇ ದಿನದಲ್ಲಿ ಸುಮಾರು 1,600 ಮೀಟರ್ ಏರಬೇಕು, ಅದೂ ಸೈಕಲ್ ಹೊತ್ತುಕೊಂಡು.

ಯಾವಾಗ ಹೋಗಬೇಕು? ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೂರನೆಯ ವಾರದವರೆಗೆ ನನಗೆ ಇಷ್ಟವಾದ ಕಾಲ. ಮಳೆ ನಿಂತಿರುತ್ತದೆ, ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಪಾಸಿನ ಮೇಲೆ ಹಿಮ ಕಡಿಮೆ. ಮಾರ್ಚ್ ಕೊನೆಯಿಂದ ಏಪ್ರಿಲ್ ಕೂಡ ಆಗುತ್ತದೆ, ಆದರೆ ಮೇಲ್ಭಾಗದಲ್ಲಿ ಹಿಮ ಹೆಚ್ಚಿದ್ದು ಸೈಕಲ್ ತಳ್ಳುವ ದೂರ ಬೆಳೆಯುತ್ತದೆ. ಒಳ್ಳೆಯ ಕಾಲ ಎಂಬ ಮಾತಿಗೂ ಮಿತಿಯಿದೆ. 2014ರ ಅಕ್ಟೋಬರ್ 14ರಂದು, ಹುಡ್‌ಹುಡ್ ಚಂಡಮಾರುತದ ಶೇಷ ಉತ್ತರಕ್ಕೆ ಸರಿದು ಈ ಪ್ರದೇಶದಲ್ಲಿ ಹಿಮಪಾತ ಸುರಿಸಿದಾಗ ಥೊರಾಂಗ್ ಲಾ ಮತ್ತು ಸುತ್ತಮುತ್ತ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಚಾರಣದ ಋತುವಿನ ನಟ್ಟನಡುವೆ, ಎಲ್ಲರೂ ಅತಿ ಸುರಕ್ಷಿತ ಎನ್ನುವ ತಿಂಗಳಲ್ಲಿ ನಡೆದ ದುರಂತವದು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಮನಾಂಗಿನಲ್ಲೇ ಕೂರಿ. ಹಿಂತಿರುಗುವ ವಿಮಾನದ ಟಿಕೆಟ್ಟಿನ ದುಡ್ಡು ಹೋದರೆ ಹೋಯಿತು.

ಕಾಗದಪತ್ರದ ವಿಷಯ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. ವಿಮಾನದಲ್ಲಿ ಹೋಗುವವರ ಬಳಿ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಲೇಬೇಕು, ಆಧಾರ್ ನೆಚ್ಚಿಕೊಂಡು ಹೊರಡಬೇಡಿ. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರ್ಮಿಟ್ಟನ್ನು ಕಾಠ್ಮಂಡು ಅಥವಾ ಪೋಖರಾದಲ್ಲೇ ಮಾಡಿಸಿಕೊಳ್ಳಿ. ಸಾರ್ಕ್ ದೇಶದವರಿಗೆ 1,000 ನೇಪಾಳಿ ರೂಪಾಯಿ, ಉಳಿದ ವಿದೇಶಿಯರಿಗೆ 3,000. ಜೊತೆಗೆ ಟಿಮ್ಸ್ ಎಂಬ ಚಾರಣಿಗರ ನೋಂದಣಿ ಕಾರ್ಡ್ ಇದೆ. 2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರಿಗೆ ಗೈಡ್ ಕಡ್ಡಾಯ ಎಂಬ ನಿಯಮವೂ ಬಂದಿದೆ, ಹೊರಡುವ ಮುಂಚೆ ಸೈಕಲ್ಲಿನವರಿಗೆ ಈಗ ಏನು ನಿಯಮ ಎಂದು ಪರ್ಮಿಟ್ ಕಚೇರಿಯಲ್ಲೇ ಬಾಯಿಬಿಟ್ಟು ಕೇಳಿ. ನಿಯಮದ ಮಾತು ಪಕ್ಕಕ್ಕಿರಲಿ, ಸೈಕಲ್ ತುಳಿಯಬಲ್ಲ ಸ್ಥಳೀಯ ಗೈಡ್ ಒಬ್ಬರಿದ್ದರೆ ಈ ದಾರಿ ಬೇರೆಯೇ ಆಗುತ್ತದೆ. ಎಲ್ಲಿ ಗುಡ್ಡ ಕುಸಿದಿದೆ, ಯಾವ ತೂಗುಸೇತುವೆ ದಾಟಿದರೆ ಜೀಪಿನ ಧೂಳು ತಪ್ಪುತ್ತದೆ, ಯಾವ ಲಾಡ್ಜಿನಲ್ಲಿ ಸೈಕಲ್ಲನ್ನು ರಾತ್ರಿ ಒಳಗಿಡಲು ಬಿಡುತ್ತಾರೆ ಎಂಬುದೆಲ್ಲ ಅವರಿಗೆ ಗೊತ್ತು. ನಮ್ಮ ಜೊತೆ ಬಂದ ಗೈಡ್ ದಾಜು (ನೇಪಾಳಿಯಲ್ಲಿ ಅಣ್ಣ) ಇಲ್ಲದಿದ್ದರೆ ಯಾಕ್ ಖರ್ಕಾದಿಂದ ಮುಂದಿನ ಸಡಿಲ ಗುಡ್ಡವನ್ನು ಬೆಳಗಿನ ಹೊತ್ತಲ್ಲೇ ದಾಟಬೇಕು ಎಂದು ನಮಗೆ ಹೊಳೆಯುತ್ತಲೇ ಇರಲಿಲ್ಲ.

ಸೈಕಲ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮನಾಂಗ್ ದಾಟಿದ ಮೇಲೆ ರಿಪೇರಿ ಅಂಗಡಿ ಎಂಬುದೇ ಇಲ್ಲ. ಮುಂದೆ 120 ಮಿಲಿಮೀಟರ್ ಆಸುಪಾಸಿನ ಸಸ್ಪೆನ್ಷನ್ ಇರುವ, ತೂಕ ಕಡಿಮೆಯ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ ಸೈಕಲ್) ಸಾಕು ಎಂಬುದು ನನ್ನ ಅಭಿಪ್ರಾಯ. ಇಳಿಜಾರಿನಲ್ಲಿ ಫುಲ್ ಸಸ್ಪೆನ್ಷನ್ ಸೈಕಲ್ ಸುಖ ಕೊಡುವುದು ನಿಜ, ಆದರೆ ಅದನ್ನು ಫೇದಿಯಿಂದ ಪಾಸಿನವರೆಗೆ ಹೆಗಲ ಮೇಲೆ ಹೊರುವವರು ನೀವೇ. ಹಿಂದಿನ ಕ್ಯಾಸೆಟ್ಟಿನಲ್ಲಿ, ಅಂದರೆ ಗೇರ್ ಚಕ್ರಗಳ ಗೊಂಚಲಿನಲ್ಲಿ, 50 ಅಥವಾ 51 ಹಲ್ಲಿನ ದೊಡ್ಡ ಚಕ್ರ, ಮುಂದೆ 30 ಹಲ್ಲು: ಇಷ್ಟು ಹಗುರ ಗೇರ್ ಇರಲಿ. ಟಯರ್ 2.3 ಇಂಚಿಗಿಂತ ಸಣ್ಣದು ಬೇಡ, ಟ್ಯೂಬ್‌ಲೆಸ್ ಮಾಡಿಸಿ, ಆದರೂ ಎರಡು ಟ್ಯೂಬ್ ಬ್ಯಾಗಿನಲ್ಲಿರಲಿ. ಬ್ರೇಕ್ ಪ್ಯಾಡ್ ರೆಸಿನ್‌ನದ್ದಾಗಿದ್ದರೆ ತೆಗೆದು ಸಿಂಟರ್ಡ್ (ಲೋಹದ ಪುಡಿಯಿಂದ ಮಾಡಿದ್ದು) ಹಾಕಿಸಿ, ಒಂದು ಜೊತೆ ಹೆಚ್ಚುವರಿ ಒಯ್ಯಿರಿ. ಕೆಳಗಿನ ದಾರಿಯ ಕೆಸರು, ಮರಳು, ರಸ್ತೆಯ ಮೇಲೇ ಹರಿಯುವ ನೀರು ಸೇರಿ ಪ್ಯಾಡನ್ನು ಅರೆದುಬಿಡುತ್ತವೆ. ಅಷ್ಟು ಸವೆದ ಪ್ಯಾಡಿನಲ್ಲಿ 1,600 ಮೀಟರ್ ಇಳಿಜಾರು ಇಳಿಯುವ ಮಾತೇ ಬೇಡ. ಡಿರೇಲರ್ ಹ್ಯಾಂಗರ್, ಅಂದರೆ ಗೇರ್ ಬದಲಿಸುವ ಸಾಧನವನ್ನು ಚೌಕಟ್ಟಿಗೆ ಹಿಡಿಸುವ ತುಂಡು, ನಿಮ್ಮ ಸೈಕಲ್ ಮಾದರಿಗೆ ಹೊಂದುವಂಥದ್ದೇ ಒಂದು ಬೇಕು. ಅದು ಕಾಠ್ಮಂಡುವಿನಲ್ಲೂ ಸಿಗದಿರಬಹುದು. ಚೈನ್ ಕೂಡಿಸುವ ಲಿಂಕ್, ಚೈನ್ ಕಟರ್, ಗಟ್ಟಿ ಟೇಪ್, ಜಿಪ್ ಟೈಗಳು ಇರಲಿ.

ಕಾಲಿಗೆ ಫ್ಲ್ಯಾಟ್ ಪೆಡಲ್ ಮತ್ತು ಚಾರಣಕ್ಕೂ ಬರುವಂಥ ಬೂಟು. ಶೂವಿನ ತಳದ ಕ್ಲೀಟ್ ಎಂಬ ಗಟ್ಟಿ ತುಂಡನ್ನು ಸಿಕ್ಕಿಸಿ ತುಳಿಯುವ ಕ್ಲಿಪ್ ಪೆಡಲ್ಲಿಗೆ ಒಗ್ಗಿಹೋದವರು ಈ ಒಂದು ಪ್ರವಾಸಕ್ಕೆ ಅದನ್ನು ಮನೆಯಲ್ಲೇ ಬಿಡಿ. ಮನಾಂಗಿನಿಂದ ಪಾಸಿನವರೆಗಿನ ದಾರಿಯಲ್ಲಿ ತುಳಿಯುವುದಕ್ಕಿಂತ ನಡೆಯುವುದೇ ಜಾಸ್ತಿ, ಕ್ಲೀಟ್ ಇರುವ ಶೂ ಹಿಮದ ಮೇಲೆ ಜಾರುತ್ತದೆ. ಬೂಟಿನ ಕೆಳಗೆ ಕಟ್ಟಿಕೊಳ್ಳುವ ಹಲ್ಲಿನ ಚೈನ್ ಪೋಖರಾದ ಲೇಕ್‌ಸೈಡ್ ಅಂಗಡಿಗಳಲ್ಲಿ ಸಿಗುತ್ತದೆ, ತೆಗೆದುಕೊಳ್ಳಿ. ಬೆನ್ನಿನ ಬ್ಯಾಗ್ ಎಂಟು ಕಿಲೋ ಮೀರದಿದ್ದರೆ ಒಳ್ಳೆಯದು. ಡೌನ್ ಜಾಕೆಟ್, ಗಾಳಿ ತಡೆಯುವ ಮೇಲಂಗಿ, ಎರಡು ಬಗೆಯ ಕೈಗವಸು, ಮಲಗುವ ಚೀಲ ಇವುಗಳಲ್ಲಿ ಜಿಪುಣತನ ಮಾಡದೆ ಉಳಿದೆಲ್ಲದರಲ್ಲಿ ಮಾಡಿ. ಪೋಖರಾ, ಕಾಠ್ಮಂಡುವಿನಲ್ಲಿ ಒಳ್ಳೆಯ ಸೈಕಲ್ ಬಾಡಿಗೆಗೂ ಸಿಗುತ್ತದೆ. ವಿಮಾನದಲ್ಲಿ ಸೈಕಲ್ ಪೆಟ್ಟಿಗೆ ಸಾಗಿಸುವ ಖರ್ಚು, ತಲೆಬಿಸಿ ಎರಡನ್ನೂ ಲೆಕ್ಕ ಹಾಕಿದರೆ ಕೆಲವರಿಗೆ ಅದೇ ವಾಸಿ. ಆದರೆ ಬಾಡಿಗೆ ಸೈಕಲ್ಲನ್ನು ಒಂದು ದಿನ ಸಾರಂಗಕೋಟ್ ಗುಡ್ಡಕ್ಕೆ ಹತ್ತಿಸಿ ಇಳಿಸಿ ನೋಡದೆ ಒಪ್ಪಿಕೊಳ್ಳಬೇಡಿ.

ತಯಾರಿಗೆ ನಂದಿಬೆಟ್ಟ ಹತ್ತುವುದು ಒಳ್ಳೆಯದೇ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ ಹತ್ತುವುದು ಇನ್ನೂ ಒಳ್ಳೆಯದು. ಆದರೆ ಕರ್ನಾಟಕದ ಅತಿ ಎತ್ತರದ ಆ ಶಿಖರ 1,930 ಮೀಟರ್. ಇಲ್ಲಿ ಧಾರಾಪಾನಿ ಎಂಬ ಊರು ದಾಟುವಷ್ಟರಲ್ಲೇ ಆ ಎತ್ತರ ಮುಗಿದಿರುತ್ತದೆ. ಆದ್ದರಿಂದ ಎತ್ತರದ ಅಭ್ಯಾಸ ನಮ್ಮ ಊರಲ್ಲಿ ಸಾಧ್ಯವಿಲ್ಲ, ಅದನ್ನು ದಾರಿಯಲ್ಲೇ ಮಾಡಬೇಕು. ಊರಲ್ಲಿ ಮಾಡಬಹುದಾದದ್ದು, ಬಹಳ ಜನ ಮಾಡದೇ ಇರುವುದು, ಹೊರುವ ಅಭ್ಯಾಸ. ಹದಿನೈದು ಕಿಲೋ ಭಾರ ಬೆನ್ನಿಗೆ ಹಾಕಿಕೊಂಡು ವಾರಕ್ಕೊಮ್ಮೆಯಾದರೂ ಸುಲ್ತಾನ್‌ಪೇಟೆ ಕಡೆಯಿಂದ ನಂದಿಯ ಮೆಟ್ಟಿಲು ಹತ್ತಿ. ಸೈಕಲ್ ತುಳಿಯುವವರ ಸೊಂಟ, ಹೆಗಲು, ಮೀನಖಂಡ ಈ ಕೆಲಸಕ್ಕೆ ಪಳಗಿರುವುದಿಲ್ಲ.

ಇನ್ನು ದಾರಿಗೆ ಬರೋಣ.

ಬೇಸಿಸಹರದಿಂದ ಚಾಮೆವರೆಗಿನದು ಜೀಪ್ ರಸ್ತೆ. ಬಂಡೆ ಕಡಿದು ಮಾಡಿದ್ದು, ಒಂದು ಬದಿಗೆ ಗೋಡೆಯಂಥ ಗುಡ್ಡ, ಇನ್ನೊಂದು ಬದಿಗೆ ಕೆಳಗೆಲ್ಲೋ ಮಾರ್ಸ್ಯಾಂಗ್ದಿ. ಸ್ಯಾಂಗೆ, ಜಗತ್, ಚಾಮ್ಜೆ ಹೀಗೆ ಊರುಗಳು ಬರುತ್ತವೆ. ಎಷ್ಟೋ ಕಡೆ ಝರಿಗಳು ನೇರ ರಸ್ತೆಯ ಮೇಲೇ ಸುರಿಯುತ್ತವೆ. 2021ರ ಜೂನ್‌ನಲ್ಲಿ ಬಂದ ಪ್ರವಾಹ ಮನಾಂಗ್ ಜಿಲ್ಲೆಯ ಈ ಭಾಗವನ್ನು ಜರ್ಜರಿತ ಮಾಡಿತು. ತಾಲ್, ಧಾರಾಪಾನಿ, ಚಾಮೆ ಎಲ್ಲವೂ ಪೆಟ್ಟು ತಿಂದವು. ಹಾಗಾಗಿ ಹಳೆಯ ಜಿಪಿಎಸ್ ಗುರುತನ್ನು ಕಣ್ಣುಮುಚ್ಚಿ ನಂಬದೆ ಪ್ರತಿ ಸಂಜೆ ಲಾಡ್ಜಿನಲ್ಲಿ ಮುಂದಿನ ದಾರಿ ಹೇಗಿದೆ ಎಂದು ಕೇಳಿ. ನದಿಯ ಆಚೆ ದಡದಲ್ಲಿ ಹಳೆಯ ಕಾಲುದಾರಿ ಇನ್ನೂ ಇದೆ. ಕಲ್ಲಿನ ಮೇಲೆ ಕೆಂಪು ಬಿಳಿ ಪಟ್ಟೆ ಬಳಿದಿದ್ದರೆ ಅದು ಮುಖ್ಯ ಕಾಲುದಾರಿ, ನೀಲಿ ಬಿಳಿ ಇದ್ದರೆ ಉಪದಾರಿ. ಇವುಗಳಲ್ಲಿ ಮೆಟ್ಟಿಲು ಹೆಚ್ಚು, ಸೈಕಲ್ಲಿಗೆ ಎಲ್ಲ ಕಡೆ ಆಗುವುದಿಲ್ಲ. ಧೂಳು ಸಹಿಸಿಕೊಂಡು ರಸ್ತೆಯಲ್ಲೇ ಹೋಗುವುದು ಈ ಭಾಗದಲ್ಲಿ ಜಾಣತನ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಕೆಳಗೆ ನುಂಗಿದ ಧೂಳು ಮೇಲೆ ಕೆಮ್ಮಾಗಿ ಕಾಡುತ್ತದೆ.

ಹೇಸರಗತ್ತೆಗಳ ಸಾಲು ಎದುರು ಬಂದಾಗ ಸೈಕಲ್ಲಿನಿಂದ ಇಳಿದು ಗುಡ್ಡದ ಬದಿಗೆ ಒತ್ತಿ ನಿಲ್ಲಿ. ಪ್ರಪಾತದ ಬದಿಗೆ ಎಂದೆಂದೂ ನಿಲ್ಲಬೇಡಿ. ಬೆನ್ನ ಮೇಲಿನ ಸಿಲಿಂಡರೋ ಅಕ್ಕಿಮೂಟೆಯೋ ತಾಕಿದರೆ ಆ ಪ್ರಾಣಿಗೆ ಗೊತ್ತೂ ಆಗುವುದಿಲ್ಲ, ನೀವು ಕೆಳಗಿರುತ್ತೀರಿ. ತೂಗುಸೇತುವೆಯ ಮೇಲೆ ಅವು ಬರುತ್ತಿದ್ದರೆ ಈಚೆಯೇ ಕಾಯಿರಿ. ಊರೊಳಗೆ ಮಣಿ ಗೋಡೆಗಳು, ಅಂದರೆ ಮಂತ್ರ ಕೆತ್ತಿದ ಕಲ್ಲಿನ ಸಾಲುಗಳು ಬಂದಾಗ ಅವು ನಿಮ್ಮ ಬಲಕ್ಕಿರುವಂತೆ ಎಡಗಡೆಯಿಂದ ಸಾಗಿ. ನಾವು ಗುಡಿ ಸುತ್ತುವ ಪ್ರದಕ್ಷಿಣೆಯ ಕ್ರಮವೇ ಅದು.

ಚಾಮೆ 2,670 ಮೀಟರ್. ಇಲ್ಲಿಂದ ದೃಶ್ಯವೇ ಬದಲಾಗುತ್ತದೆ, ಪೈನ್ ಕಾಡು, ತಣ್ಣನೆ ಗಾಳಿ. ಭ್ರತಾಂಗ್ ಸೇಬುತೋಟ ದಾಟಿದ ಮೇಲೆ ಎಡಬಲ ನೋಡುತ್ತ ಬಂದವರಿಗೆ ಎದುರಿಗೆ ಪೌಂಗ್ದಾ ದಾಂಡಾ ಎಂಬ ಬಂಡೆ ಕಾಣುತ್ತದೆ. ನದಿಯಿಂದ ಸುಮಾರು ಒಂದೂವರೆ ಸಾವಿರ ಮೀಟರ್ ಮೇಲಕ್ಕೆ, ಬಾಗಿದ ಒಂದೇ ಹಾಳೆಯ ಹಾಗೆ ನಿಂತಿದೆ. ಸ್ಥಳೀಯರು ಅದನ್ನು ಸ್ವರ್ಗದ್ವಾರಿ ಎನ್ನುತ್ತಾರೆ. ಅಲ್ಲಿ ನಿಂತು ನೋಡಲು ಸಮಯ ಇಟ್ಟುಕೊಳ್ಳಿ, ತುಳಿತದ ಭರದಲ್ಲಿ ದಾಟಿಬಿಡಬೇಡಿ.

ಪಿಸಾಂಗಿನಲ್ಲಿ ದಾರಿ ಎರಡಾಗುತ್ತದೆ. ಕೆಳಗಿನದು ಹೊಂಗ್ಡೆ ವಿಮಾನಪಟ್ಟಿಯ ಮೂಲಕ ಮನಾಂಗಿಗೆ ಹೋಗುವ ಸಲೀಸು ರಸ್ತೆ. ಮೇಲಿನದು ಅಪ್ಪರ್ ಪಿಸಾಂಗ್, ಘ್ಯಾರು, ಙವಾಲ್ ಊರುಗಳ ಮೂಲಕ. ಘ್ಯಾರುವಿಗೆ ಹತ್ತುವ ಅಂಕುಡೊಂಕು ಕಾಲುದಾರಿಯಲ್ಲಿ ಸೈಕಲ್ ತುಳಿಯಲಾಗದು, ಉಸಿರು ಬಿಡುತ್ತ ತಳ್ಳಬೇಕು. ಆದರೂ ಮೇಲಿನ ದಾರಿಯನ್ನೇ ಹಿಡಿಯಿರಿ ಎಂದು ನಾನು ಒತ್ತಾಯಿಸುತ್ತೇನೆ. ಎರಡು ಕಾರಣ. ಘ್ಯಾರು 3,730 ಮೀಟರ್, ಙವಾಲ್ 3,680. ಅಲ್ಲೊಂದು ರಾತ್ರಿ ಮಲಗಿ 3,540 ಮೀಟರಿನ ಮನಾಂಗಿಗೆ ಇಳಿದರೆ ದೇಹ ಎತ್ತರಕ್ಕೆ ಹೊಂದಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಇನ್ನೊಂದು, ಘ್ಯಾರುವಿನ ಕಲ್ಲುಮನೆಗಳ ಮುಂದೆ ನಿಂತರೆ ಕಣಿವೆಯ ಆಚೆ 7,937 ಮೀಟರಿನ ಅನ್ನಪೂರ್ಣ ಎರಡು, ಅದರ ಪಕ್ಕ ಅನ್ನಪೂರ್ಣ ಮೂರು, ಗಂಗಾಪೂರ್ಣ ಎಲ್ಲ ತಲೆಯೆತ್ತದೆ ನೇರಕ್ಕೇ ಕಾಣುತ್ತವೆ. ಙವಾಲಿನಿಂದ ಕೆಳಗಿಳಿಯುವ ದಾರಿಯೋ, ಇಡೀ ಮನಾಂಗ್ ಕಡೆಯಲ್ಲಿ ಸೈಕಲ್ಲಿಗೆ ಹೇಳಿ ಮಾಡಿಸಿದ್ದು.

ಮನಾಂಗಿನಲ್ಲಿ ಎರಡು ರಾತ್ರಿ. ಇದು ಸಲಹೆಯಲ್ಲ, ಕಟ್ಟುನಿಟ್ಟು. ಮೂರು ಸಾವಿರ ಮೀಟರಿನ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಇನ್ನೊಂದು ರಾತ್ರಿ ನಿಲ್ಲಬೇಕು ಎಂಬುದು ಪರ್ವತ ವೈದ್ಯರ ಸಾಮಾನ್ಯ ಸೂತ್ರ. ನಿಂತ ದಿನ ಮಲಗಿಯೇ ಕಳೆಯುವುದಲ್ಲ. ಸೈಕಲ್ ಬಿಟ್ಟು ಗಂಗಾಪೂರ್ಣ ಸರೋವರದ ಮೇಲಿನ ಗುಡ್ಡಕ್ಕೋ, ಮೈ ಚೆನ್ನಾಗಿದ್ದರೆ 4,600 ಮೀಟರಿನ ಐಸ್ ಲೇಕ್ ಕಡೆಗೋ ನಿಧಾನ ಹತ್ತಿ, ಕೆಳಗೆ ಬಂದು ಮಲಗಿ. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ 1981ರಿಂದ ಇಲ್ಲಿ ಋತುವಿನಲ್ಲಿ ಚಿಕಿತ್ಸಾ ಕೇಂದ್ರ ನಡೆಸುತ್ತಿದೆ. ಮಧ್ಯಾಹ್ನದ ಮೇಲೆ ಅಲ್ಲಿನ ವೈದ್ಯರು ಎತ್ತರದ ಕಾಯಿಲೆ ಬಗ್ಗೆ ಎಲ್ಲರಿಗೂ ತಿಳಿಹೇಳುತ್ತಾರೆ. ತಪ್ಪದೆ ಹೋಗಿ ಕೂರಿ, ಅನುಮಾನವಿದ್ದರೆ ಅಲ್ಲೇ ಕೇಳಿ.

ತಲೆನೋವಿನ ಜೊತೆ ಓಕರಿಕೆ, ಸುಸ್ತು, ತಲೆಸುತ್ತು ಬಂದರೆ ಮೇಲೆ ಹತ್ತುವುದು ನಿಲ್ಲಿಸಿ. ನೇರ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲು ಆಗದಿದ್ದರೆ, ಸುಮ್ಮನೆ ಕೂತಾಗಲೂ ಏದುಸಿರು ಇದ್ದರೆ, ಆ ಕ್ಷಣವೇ ಕೆಳಗಿಳಿಯಬೇಕು, ನಡುರಾತ್ರಿಯಾದರೂ ಸರಿ. ಎತ್ತರದ ಕಾಯಿಲೆಗೆ ಕೊಡುವ ಡೈಮಾಕ್ಸ್ ಮಾತ್ರೆಯನ್ನು ಊರಲ್ಲೇ ವೈದ್ಯರನ್ನು ಕೇಳಿ ಒಯ್ಯಿರಿ. ಸಲ್ಫಾ ಅಲರ್ಜಿ ಇರುವವರು ಅದನ್ನು ಮೊದಲೇ ಹೇಳಬೇಕು. ಅದನ್ನು ತೆಗೆದುಕೊಂಡಾಗ ಬೆರಳ ತುದಿ ಜುಮುಗುಡುತ್ತದೆ. ಸೈಕಲ್ಲಿನ ಹ್ಯಾಂಡಲ್ ಹಿಡಿದು ಕೈ ಜೋಮು ಬಂದಿತು ಎಂದೋ, ಚಳಿಗೆ ಬೆರಳು ಸತ್ತವು ಎಂದೋ ಗಾಬರಿ ಬೀಳಬೇಡಿ. ಜೊತೆಯವರ ಮೇಲೆ ಪರಸ್ಪರ ಕಣ್ಣಿಟ್ಟಿರಿ. ಸದಾ ಮಾತಾಡುವವರು ಮೌನವಾದರೆ, ಮುಂದಿರುವವರು ಹಿಂದುಳಿದರೆ ಕೇಳಿ. ಸೈಕಲ್ ಗುಂಪಿನಲ್ಲಿ ಸುಸ್ತನ್ನು ಮುಚ್ಚಿಡುವ ಅಭ್ಯಾಸ ನಮ್ಮಲ್ಲಿದೆ, ಇಲ್ಲಿ ಅದು ಕೂಡದು.

ವಿಮೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಎತ್ತರದ ಮಿತಿ ಬರೆದಿರುತ್ತದೆ. ಆರು ಸಾವಿರ ಮೀಟರ್‌ವರೆಗೆ, ಹೆಲಿಕಾಪ್ಟರ್ ಸಾಗಣೆ ಸೇರಿ, ಮೌಂಟನ್ ಬೈಕಿಂಗ್ ಹೊರತುಪಡಿಸಿಲ್ಲ ಎಂಬುದನ್ನು ಪಾಲಿಸಿಯ ಸಣ್ಣಕ್ಷರದಲ್ಲಿ ಓದಿ ಖಾತ್ರಿ ಮಾಡಿಕೊಳ್ಳಿ.

ಊಟಕ್ಕೆ ದಾಲ್ ಭಾತ್ ಬಿಟ್ಟು ಬೇರೆ ಯೋಚನೆ ಬೇಡ. ಅನ್ನ, ಬೇಳೆ, ಪಲ್ಯ, ಉಪ್ಪಿನಕಾಯಿ. ಕೇಳಿದಷ್ಟು ಬಡಿಸುತ್ತಾರೆ, ನಮ್ಮ ಹೊಟ್ಟೆಗೆ ಒಗ್ಗುತ್ತದೆ. ಲಾಡ್ಜಿನ ದೀದಿಗೆ ಅಡುಗೆ ಶುರುಮಾಡುವ ಮುಂಚೆಯೇ ಹೇಳಿಬಿಟ್ಟರೆ ಅವರಿಗೂ ಅನುಕೂಲ. ಮೇಲೇರಿದಂತೆ ಮಾಂಸ ತಿನ್ನದಿರುವುದು ಒಳ್ಳೆಯದು, ಅದು ಕೆಳಗಿನಿಂದ ಎಷ್ಟು ದಿನ ಹೊತ್ತು ಬಂದದ್ದೋ. ನಾಲ್ಕು ಸಾವಿರ ಮೀಟರಿನ ಮೇಲೆ ಹಸಿವೇ ಆಗದಿದ್ದಾಗ ಬ್ಯಾಗಿನಲ್ಲಿ ಒಯ್ದ ಕಡಲೆಬೀಜದ ಚಿಕ್ಕಿ, ಹುರಿಗಡಲೆ, ಬೆಲ್ಲ ನಮ್ಮ ಕೈ ಹಿಡಿದವು. ನೀರು ಕುದಿಸಿದ್ದು ಅಥವಾ ಫಿಲ್ಟರ್ ಮಾಡಿದ್ದು. ಪ್ಲಾಸ್ಟಿಕ್ ಬಾಟಲಿ ಕೊಳ್ಳಬೇಡಿ. ಅಲ್ಲಿಂದ ಅದನ್ನು ಕೆಳಗೆ ತರುವವರು ಯಾರೂ ಇಲ್ಲ. ನಗದನ್ನು ಪೋಖರಾದಲ್ಲೇ ತುಂಬಿಕೊಂಡು ಬನ್ನಿ. ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ. ಜೋಮ್ಸೋಮ್ ಬರುವವರೆಗೆ ಎಟಿಎಂ ನಂಬಿ ಹೋಗಬೇಡಿ. ಫೋನಿಗೆ ನೇಪಾಳ ಟೆಲಿಕಾಂ ಸಿಮ್ ಮೇಲು.

ಮನಾಂಗಿನಿಂದ ಯಾಕ್ ಖರ್ಕಾ, 4,050 ಮೀಟರ್. ದಾರಿಯ ಅರ್ಧಕ್ಕೂ ಹೆಚ್ಚು ಭಾಗ ತುಳಿಯಬಹುದು, ಆದರೆ ತುಳಿಯಬಹುದು ಎಂದು ತುಳಿಯಬೇಡಿ. ಎದೆಬಡಿತ ಏರುತ್ತಿದ್ದಂತೆ ಇಳಿದು ನಡೆಯಿರಿ. ಮಾತಾಡುತ್ತ ಹೋಗಲಾಗುವಷ್ಟೇ ವೇಗ ಸಾಕು. ಮರುದಿನ ಥೊರಾಂಗ್ ಫೇದಿ, 4,450. ಅದಕ್ಕೆ ಮುಂಚೆ ಸಿಗುವ ಸಡಿಲ ಗುಡ್ಡದಲ್ಲಿ ಮೇಲಿಂದ ಕಲ್ಲುರುಳುತ್ತವೆ. ಬಿಸಿಲೇರಿ ಗಾಳಿ ಎದ್ದ ಮೇಲೆ ಅದು ಹೆಚ್ಚು. ಬೆಳಿಗ್ಗೆ ಬೇಗ, ಒಬ್ಬೊಬ್ಬರಾಗಿ, ಅಂತರ ಬಿಟ್ಟು, ಹೆಲ್ಮೆಟ್ ಹಾಕಿಕೊಂಡು ದಾಟಿ. ಅಲ್ಲಿ ಫೋಟೋ ಬೇಡ.

ಫೇದಿಯಲ್ಲಿ ಮಲಗುವುದೋ, 4,880 ಮೀಟರಿನ ಹೈ ಕ್ಯಾಂಪ್‌ವರೆಗೆ ಹೋಗಿ ಮಲಗುವುದೋ ಎಂಬ ಚರ್ಚೆ ಪ್ರತಿ ಗುಂಪಿನಲ್ಲೂ ಆಗುತ್ತದೆ. ಹೈ ಕ್ಯಾಂಪಿನಲ್ಲಿ ಮಲಗಿದರೆ ಮರುದಿನದ ಏರು ಕಡಿಮೆಯಾಗುತ್ತದೆ, ಆದರೆ ರಾತ್ರಿ ನಿದ್ದೆ ಬರುವುದು ಕಷ್ಟ, ಕಾಯಿಲೆ ಬಿದ್ದರೆ ಕತ್ತಲಲ್ಲಿ ಕಡಿದಾದ ದಾರಿ ಇಳಿಯಬೇಕು. ನಾವು ಫೇದಿಯಲ್ಲೇ ಉಳಿದೆವು, ಹೊಸಬರಿಗೆ ಅದನ್ನೇ ಹೇಳುತ್ತೇನೆ. ಸೈಕಲ್ ಹೊರಲು ಪೋರ್ಟರ್ ಬೇಕಿದ್ದರೆ ಮನಾಂಗಿನಲ್ಲೇ ಮಾತಾಡಿಕೊಳ್ಳಿ. ಪೋರ್ಟರ್ ಹಿಡಿದರೆ ಸಾಧನೆ ಕಡಿಮೆಯಾಗುತ್ತದೆ ಎಂದು ಯಾರಾದರೂ ಅಂದರೆ ಕಿವಿಗೊಡಬೇಡಿ. ಆಚೆ ಬದಿಯ ಇಳಿಜಾರಿಗೆ ತೋಳಲ್ಲಿ ಶಕ್ತಿ ಉಳಿದಿರುವುದು ಮುಖ್ಯ. ಹೊತ್ತವರಿಗೆ ಕೂಲಿಯ ಜೊತೆ ಬೆಚ್ಚಗಿನ ಕೈಗವಸು, ಕಪ್ಪು ಕನ್ನಡಕ ಇದೆಯೇ ಎಂದೂ ವಿಚಾರಿಸಿ.

ಪಾಸಿನ ದಿನ ಬೆಳಗಿನ ಜಾವ ನಾಲ್ಕಕ್ಕೆ ಹೊರಡಬೇಕು. ಬೆಳಗಾಗಿ ಕೆಲವು ತಾಸಿನಲ್ಲಿ ಮೇಲೆ ಗಾಳಿ ಏಳುತ್ತದೆ, ಆ ಗಾಳಿಯಲ್ಲಿ ಸೈಕಲ್ ಹೊತ್ತು ನಿಲ್ಲುವುದೇ ಕಷ್ಟ. ಪೆಡಲ್ ಬಿಚ್ಚಿ ಬ್ಯಾಗಿಗೆ ಹಾಕಿ, ಸೈಕಲ್ಲಿನ ನಡುಕೊಳವೆಯನ್ನು ಬ್ಯಾಗಿನ ಮೇಲೆ ಅಡ್ಡ ಕೂರಿಸಿ ಎರಡು ಪಟ್ಟಿಯಿಂದ ಬಿಗಿದರೆ ಕೈ ಖಾಲಿ ಇರುತ್ತದೆ. ಫೇದಿಯಿಂದ ಹೈ ಕ್ಯಾಂಪ್‌ವರೆಗಿನ ನಾನೂರು ಮೀಟರ್ ಏರು ಈ ಇಡೀ ಸುತ್ತಿನ ಅತ್ಯಂತ ಕಠಿಣ ಭಾಗ. ಅಲ್ಲಿಂದ ಮೇಲೆ ಇಳಿಜಾರು ಕಡಿಮೆ, ಆದರೆ ಗುಡ್ಡದ ಹಿಂದೆ ಗುಡ್ಡ ಬರುತ್ತಲೇ ಇರುತ್ತದೆ, ಇದೇ ಪಾಸ್ ಎಂದು ಮತ್ತೆ ಮತ್ತೆ ಅನ್ನಿಸುತ್ತದೆ. ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟೇ. ಹತ್ತಿಪ್ಪತ್ತು ಹೆಜ್ಜೆ, ನಿಲ್ಲು, ಮತ್ತೆ ಹೆಜ್ಜೆ. ನೀರಿನ ಚೀಲದ ಕೊಳವೆ ಹೆಪ್ಪುಗಟ್ಟುತ್ತದೆ, ಬಾಟಲಿಯನ್ನು ಜಾಕೆಟ್ಟಿನೊಳಗೆ ಇಟ್ಟುಕೊಳ್ಳಿ. ಫೋನ್, ಬ್ಯಾಟರಿ ಕೂಡ ಅಲ್ಲೇ. ಮೇಲೆ ಪ್ರಾರ್ಥನಾ ಪತಾಕೆಗಳು, ಋತುವಿನಲ್ಲಾದರೆ ಒಂದು ಚಹಾದ ಗುಡಿಸಲು. ಚಹಾ ಕುಡಿಯಿರಿ, ಪೆಡಲ್ ಹಾಕಿ, ಬ್ರೇಕ್ ಎರಡನ್ನೂ ಹಿಡಿದು ನೋಡಿ, ಸೀಟು ಪೂರ್ತಿ ಇಳಿಸಿ, ಮೊಣಕಾಲು ಮೊಣಕೈ ಗಾರ್ಡ್ ಕಟ್ಟಿಕೊಳ್ಳಿ. ಬಹಳ ಹೊತ್ತು ಕೂರಬೇಡಿ.

ಇಳಿಜಾರಿಗಾಗಿಯೇ ಬಂದವರಿಗೆ ಮುಂದಿನದು ಬಹುಮಾನ. ಆದರೆ ದಣಿದ ದೇಹ, ಆಮ್ಲಜನಕ ಸಾಲದ ಮೆದುಳು, ಸಡಿಲ ಜಲ್ಲಿಯ ಕಡಿದಾದ ತಿರುವುಗಳು: ಬೀಳುವುದು ಇಲ್ಲೇ. ಮೇಲಿನ ಭಾಗದಲ್ಲಿ ನೆರಳಿರುವೆಡೆ ಬೆಳಗಿನ ಹೊತ್ತು ಮಂಜುಗಡ್ಡೆ ಇರುತ್ತದೆ, ಅಲ್ಲಿ ಇಳಿದು ನಡೆಯಿರಿ. ಬ್ರೇಕನ್ನು ಒಂದೇ ಸಮನೆ ಒತ್ತಿಹಿಡಿಯದೆ ಬಿಟ್ಟುಬಿಟ್ಟು ಹಿಡಿಯಿರಿ, ಅರ್ಧ ತಾಸಿಗೊಮ್ಮೆ ನಿಂತು ಡಿಸ್ಕ್ ತಣಿಯಲು ಬಿಡಿ. ನಡೆದು ಇಳಿಯುವವರಿಗೆ ದಾರಿ ಬಿಡುವುದು ನಮ್ಮ ಕರ್ತವ್ಯ. ದೂರದಿಂದಲೇ ದನಿ ಮಾಡಿ, ನಿಂತು, ಅವರು ಹೋದ ಮೇಲೆ ಹೊರಡಿ. ಚರಾಬು ಹತ್ತಿರದ ಚಹಾದಂಗಡಿಗಳು ಬಂದ ಮೇಲೆ ದಾರಿ ಹದಕ್ಕೆ ಬರುತ್ತದೆ. ಎದುರಿಗೆ ಧವಲಗಿರಿ, ಕೆಳಗೆ ಮುಸ್ತಾಂಗಿನ ಕಂದುಮಣ್ಣಿನ ನಾಡು. ಹಸಿರು ಎಂಬುದು ಊರಿನ ಹೊಲಗಳಲ್ಲಿ ಮಾತ್ರ.

ಮುಕ್ತಿನಾಥದಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ವಿಷ್ಣುವಿನ 108 ದಿವ್ಯದೇಶಗಳಲ್ಲಿ ಒಂದಾದ ಈ ಕ್ಷೇತ್ರಕ್ಕೆ, ಸಾಲಿಗ್ರಾಮದ ತವರಾದ ಈ ಗಂಡಕಿಗೆ, ಕರ್ನಾಟಕದಿಂದ ಮಾಧ್ವರೂ ಶ್ರೀವೈಷ್ಣವರೂ ಗುಂಪುಗುಂಪಾಗಿ ಬರುತ್ತಾರೆ. ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮಗಳು ಈ ನದಿಯಲ್ಲಿ ಸಿಗುವ ಕೋಟ್ಯಂತರ ವರ್ಷ ಹಳೆಯ, ಅಮೋನೈಟ್ ಎಂಬ ಚಿಪ್ಪಿನ ಕಡಲಜೀವಿಯ ಪಳೆಯುಳಿಕೆಗಳು. ಹಿಮಾಲಯ ಏಳುವ ಮುಂಚೆ ಇಲ್ಲಿ ಕಡಲಿತ್ತು. ಮುಕ್ತಿನಾಥದ ಗುಡಿಯ ಕೆಳಗಿನ ಊರಾದ ರಾಣಿಪೌವಾದ ಬೀದಿಯಲ್ಲಿ ಮೈಸೂರು ಕಡೆಯ ಅಜ್ಜಿಯೊಬ್ಬರು ನಮ್ಮ ಧೂಳು ಮೆತ್ತಿದ ಮುಖ ನೋಡಿ, "ಏನಪ್ಪಾ, ಆ ಬೆಟ್ಟದಾಚೆಯಿಂದ ಸೈಕಲ್ ಹೊತ್ಕೊಂಡು ಬಂದ್ರಾ? ಬನ್ನಿ, ಮೊದ್ಲು ಏನಾದ್ರೂ ತಿನ್ನಿ" ಎಂದು ಕೋಡುಬಳೆ ಡಬ್ಬಿ ಮುಂದಿಟ್ಟರು. ಅವರ ಗುಂಪಿನ ಹಿರಿಯರೊಬ್ಬರಿಗೆ ತಲೆನೋವು, ವಾಂತಿ. ಪೋಖರಾದಿಂದ ಜೀಪಿನಲ್ಲಿ ನೇರ 3,700 ಮೀಟರಿಗೆ ಬಂದವರಿಗೆ ಹೀಗಾಗುವುದು ಸಹಜ. ಆ ರಾತ್ರಿಯೇ ಜೋಮ್ಸೋಮಿಗೆ ಇಳಿಸಿ ಎಂದು ಹೇಳಿದೆವು, ಇಳಿಸಿದರು. ಯಾತ್ರೆಗೆ ಮನೆಯ ಹಿರಿಯರನ್ನು ಕಳಿಸುವವರು ಜೋಮ್ಸೋಮ್ ಅಥವಾ ಮಾರ್ಫಾದಲ್ಲಿ ಒಂದು ರಾತ್ರಿ ತಂಗಿಸಿ ಆಮೇಲೆ ಮೇಲೆ ಕರೆದೊಯ್ಯಿರಿ ಎಂದು ವಾಹನದವರಿಗೆ ಹೇಳಬೇಕು. ಮುಕ್ತಿನಾಥ ಗುಡಿಯ 108 ಧಾರೆಗಳ ಸ್ನಾನವನ್ನು ಪಾಸ್ ಇಳಿದ ದಿನವೇ ಮಾಡಬೇಡಿ. ದಣಿದ ಮೈಗೆ ಆ ನೀರು ತಡೆಯದು. ಉಂಡು, ಮಲಗಿ, ಮರುದಿನ ಬಿಸಿಲು ಬಿದ್ದ ಮೇಲೆ ಮಾಡಿ.

ಮುಕ್ತಿನಾಥದಿಂದ ಜೋಮ್ಸೋಮಿಗೆ ಕಾಗ್ಬೇನಿ ಮೂಲಕ ವಾಹನ ರಸ್ತೆ ಇದೆ. ಸೈಕಲ್ಲಿನವರು ಲುಪ್ರಾ ಕಣಿವೆಯ ಕಾಲುದಾರಿ ಹಿಡಿಯಿರಿ. ಮೊದಲು ಸ್ವಲ್ಪ ಏರು, ನಂತರ ಬೋಳುಗುಡ್ಡದ ಏಣಿನ ಮೇಲೆ ಉದ್ದಕ್ಕೂ ಒಂಟಿದಾರಿ, ಕೊನೆಗೆ ಟಿಬೆಟ್ಟಿನ ಹಳೆಯ ಧರ್ಮವಾದ ಬೋನ್ ಧರ್ಮದವರ ಪುಟ್ಟ ಊರು ಲುಪ್ರಾ. ಕೆಲವು ಕಡೆ ಅಂಚು ತೀರಾ ಕಿರಿದು, ಕೈ ಪಳಗಿಲ್ಲದವರು ರಸ್ತೆಯಲ್ಲೇ ಹೋಗುವುದು ಕ್ಷೇಮ. ಯಾವ ದಾರಿಯಾದರೂ ಬೆಳಿಗ್ಗೆ ಆರಕ್ಕೇ ಹೊರಡಿ. ಕಾಲಿ ಗಂಡಕಿಯಲ್ಲಿ ಹೊತ್ತೇರಿದ ಮೇಲೆ ದಕ್ಷಿಣದಿಂದ ಗಾಳಿ ನುಗ್ಗುತ್ತದೆ. ಒಂದು ಕಡೆ 8,167 ಮೀಟರಿನ ಧವಲಗಿರಿ, ಇನ್ನೊಂದು ಕಡೆ 8,091 ಮೀಟರಿನ ಅನ್ನಪೂರ್ಣ, ನಡುವಿನ ಸಂದಿಯಲ್ಲಿ ಬಿಸಿಯಾದ ಗಾಳಿ ಟಿಬೆಟ್ ಕಡೆಗೆ ಎಳೆದುಕೊಂಡು ಹೋಗುತ್ತದೆ. ನಾವು ಇಳಿಯುವುದು ದಕ್ಷಿಣಕ್ಕೆ, ಅಂದರೆ ಗಾಳಿಗೆ ಮುಖ ಕೊಟ್ಟು. ಮಧ್ಯಾಹ್ನ ಇಳಿಜಾರಿನಲ್ಲೂ ತುಳಿಯಬೇಕಾಗುತ್ತದೆ, ಮರಳು ಕಣ್ಣಿಗೆ ಹೊಡೆಯುತ್ತದೆ. ಜೋಮ್ಸೋಮಿನಲ್ಲಿ ವಿಮಾನಗಳೂ ಬೆಳಗಿನ ಹೊತ್ತು ಮಾತ್ರ ಹಾರುವುದು ಇದೇ ಗಾಳಿಯ ಕಾರಣಕ್ಕೆ. ಹನ್ನೊಂದರೊಳಗೆ ಮಾರ್ಫಾ ಸೇರಿಕೊಂಡು, ಸುಣ್ಣ ಬಳಿದ ಆ ಚೆಂದದ ಊರಲ್ಲಿ ಸೇಬು ತಿನ್ನುತ್ತ ಉಳಿದ ದಿನ ಕಳೆಯುವುದು ಒಳ್ಳೆಯದು.

ಮಾರ್ಫಾದಿಂದ ಕೆಳಗೆ ತುಕುಚೆ, ಕಾಲೋಪಾನಿ, ಘಾಸಾ, ತಾತೋಪಾನಿ. ಬಸ್ಸು, ಲಾರಿ, ರಸ್ತೆ ಅಗಲೀಕರಣದ ಧೂಳು. ಘಾಸಾದಿಂದ ಕೆಳಗೆ ಕಣಿವೆ ಕಿರಿದಾಗಿ ಇಳಿಜಾರು ಜೋರಾಗುತ್ತದೆ, ವಾಹನಗಳು ತಿರುವಿನಲ್ಲಿ ಹಾರ್ನ್ ಮಾಡದೆಯೂ ಬರುತ್ತವೆ. 1,190 ಮೀಟರಿನ ತಾತೋಪಾನಿಯಲ್ಲಿ ಬಿಸಿನೀರಿನ ಕುಂಡವಿದೆ, ಒಂದು ಸಂಜೆ ಅದಕ್ಕೇ ಮೀಸಲಿಡಿ. ಇಲ್ಲಿಂದ ಘೋರೆಪಾನಿ ಹತ್ತಿ ಪೂನ್ ಹಿಲ್ ನೋಡಬೇಕೆಂಬ ಆಸೆ ಬರಬಹುದು. ಆ ದಾರಿ ಪೂರ್ತಿ ಕಲ್ಲಿನ ಮೆಟ್ಟಿಲು, ನಡೆಯುವವರಿಗೆ ಚೆಂದ, ಸೈಕಲ್ಲಿಗೆ ಬೇಡ.

ಬೇನಿ ಮುಟ್ಟಿದ ಮೇಲೆ ಪೋಖರಾವರೆಗೆ ತುಳಿಯುವುದರಲ್ಲಿ ಸುಖವಿಲ್ಲ, ಬರೀ ವಾಹನ ದಟ್ಟಣೆ. ಬಸ್ಸಿನ ಮೇಲೆ ಸೈಕಲ್ ಹಾಕಿ ಬನ್ನಿ. ಹಾಕುವಾಗ ನೀವೇ ಮೇಲೆ ಹತ್ತಿ, ಗೇರಿನ ಬದಿ ಮೇಲೆ ಬರುವಂತೆ ಮಲಗಿಸಿ, ಎರಡು ಸೈಕಲ್ಲಿನ ನಡುವೆ ಚೀಲ ತುರುಕಿ, ಹಗ್ಗ ನೀವೇ ಬಿಗಿಯಿರಿ. ಪೋಖರಾಕ್ಕೂ ಮನೆಗೆ ಮರಳುವ ವಿಮಾನಕ್ಕೂ ನಡುವೆ ಎರಡು ದಿನ ಬಿಡುವಿರಲಿ; ಮೇಲೆ ಹವಾಮಾನ ಕೆಟ್ಟರೆ ಆ ಎರಡು ದಿನವನ್ನು ಮನಾಂಗಿನಲ್ಲಿ ಖರ್ಚು ಮಾಡಬೇಕಾಗುತ್ತದೆ.